ಬಿತ್ತನೆ ಅವರೆಯ ಹುಳಿ

ಎಂಬತ್ತೆರಡರ ಒಂದು ಸಂಜೆ, ಹೆಬ್ಬಾಳ ಬಸ್‌ಸ್ಟಾಪು. ನನ್ನ ಮುಂದೆ ಕೃಷಿ ಲ್ಯಾಬಿನ ಇಬ್ರು ರಿಸರ್ಚ್ ಸ್ಟೂಡೆಂಟ್ಸು, ಸೀನಿಯರ್ ಗೋದಕ್ಕ ಮತ್ತೆ ಅವಳ ಜೂನಿಯರ್. ಜೂನಿಯರ್ ಸೇತುರಾಮನ ಮುಖ ಸಿನಿಮಾ ಕ್ಲೈಮ್ಯಾಕ್ಸಲ್ಲಿ ಗುಂಡೇಟು ತಿಂದೋನ ಥರ ಇತ್ತು.

“ಗೋದಕ್ಕ, ಎರಡು ವರ್ಷ ಬೆಳೆಸಿದ್ದ ಬಿತ್ತನೆ ಅವರೆ ಹೋಯ್ತು. ತಾರಸಿ ಮೇಲೆ ಒಣಗಿಸೋಕೆ ಮನೇಗೆ ತಂದಿದ್ದೆ, ಅಮ್ಮ ಹುಳಿ ಮಾಡ್ಬಿಟ್ರು.”

“ಪೂರ್ತೀನಾ?”

“ಒಂದ್ ಕಾಳೂ ಇಲ್ಲ. ನನ್ನ ಪಿಎಚ್‌ಡಿ ಮುಗೀತು.”

“ಗೈಡ್‌ಗೆ ಹೇಳ್ದಾ?”

“ಹೆಂಗೆ ಹೇಳ್ಲಿ? ಅವತ್ತು ಊಟಕ್ಕೆ ಬಂದಿದ್ದೇ ಅವ್ರು. ಎರಡು ಸಲ ಬಡಿಸ್ಕೊಂಡ್ರು.”

“ಮತ್ಯಾಕೋ ಭಯ? ನಮ್ಮ ಲ್ಯಾಬಲ್ಲಿ ಯಾರೇ ಕೆಲಸ ಮಾಡಿದ್ರೂ ರಿಸರ್ಚ್ ಪೇಪರಲ್ಲಿ ಮೊದಲು ಯಾರ ಹೆಸ್ರು ಬರೀಬೇಕು?”

“ಗೈಡ್‌ದು.”

“ತಿಂದೋರ ಪಟ್ಟೀಲೂ ಹಂಗೇ ಬರಿ. ಮೊದಲು ಅವ್ರು, ಆಮೇಲೆ ನೀನು.”

ಬಸ್ ಬಂತು. ಸೇತುರಾಮ ಫುಟ್‌ಬೋರ್ಡ್ ಮೇಲೆ ನಿಂತು ಕೇಳ್ದ, “ಅಮ್ಮನ ಹೆಸ್ರು?”

“ಕೆಲಸ ಮಾಡಿದೋರು ತಾನೆ? ಕೊನೇ ಪುಟದಲ್ಲಿ ಕೃತಜ್ಞತೆ ಹೇಳು. ಹತ್ತೋ ಒಳಗೆ.”