ಫೋಟೋ ಕಿತ್ತ ಪುಟ

ಎರಡೂ ಕೈಯಲ್ಲಿ ಬಟ್ಟೆಗಂಟು ಹಿಡಿದು ಬಸ್ಸಿನಲ್ಲಿ ಕೂತಿದ್ದ ದರ್ಜಿಗೆ ಕಿವಿ ಮುಚ್ಚಿಕೊಳ್ಳಲೂ ಆಗುವಂತಿರಲಿಲ್ಲ. ಮುಂದಿನ ಸೀಟಿನಲ್ಲಿ ಅಣ್ಣ, ತಂಗಿ. ಅಣ್ಣ ಬಾಡಿಗೆ ಕೋಣೆಯಲ್ಲಿ ಕೂತು ಕಂಡವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವವನು.

"ನನ್ನ ಸೈಟನ್ನ ದಿನಾ ಬೆಳಗ್ಗೆ ಯಾರೋ ಒಬ್ರು ನೋಡ್ತಾರೆ ಕಣೇ. ನನ್ನ ಪರಿಚಯದ ಪುಟದಲ್ಲೇ ತುಂಬಾ ಹೊತ್ತು ಇರ್ತಾರೆ. ಕೆಲಸ ಮಾತ್ರ ಕೊಡಲ್ಲ."

"ಯಾಕಂತೆ?"

"ನನ್ನ ಮೋರೆ ಹಿಡಿಸ್ತಿಲ್ವೇನೋ. ನಿನ್ನೆ ಫೋಟೋನೇ ಕಿತ್ತುಹಾಕ್ದೆ."

ತಂಗಿ ಅಣ್ಣನ ಕಡೆ ತಿರುಗಿದಳು.

"ಅದಕ್ಕೇ ಅಮ್ಮ ಬೆಳಗ್ಗೆಯಿಂದ ಫೋನ್ ಉಜ್ಜುತ್ತಾ ಕೂತಿದ್ದಾಳೆ. 'ಇವನೆಲ್ಲಿ ಹೋದ, ಸ್ವಲ್ಪ ನೋಡೇ' ಅಂತಾಳೆ."

"ಅಮ್ಮನಾ?"

"ಇನ್ನ್ಯಾರು? ನೀನಂತೂ ಮನೆ ಕಡೆ ತಲೆ ಹಾಕಲ್ಲ. ನಮ್ಮ ಸ್ಟಾಪ್ ಬಂತು, ಇಳಿ."

"ಒಂದು ಕೆಲಸ ಅಂತ ಸಿಗ್ಲಿ, ಬರ್ತೀನಿ. ಫೋಟೋ ವಾಪಸ್ ಹಾಕ್ತೀನಿ ಅಂತ ಹೇಳು."

ತಂಗಿ ಒಬ್ಬಳೇ ಇಳಿದಳು.