ಅಮೀನ್ ಮೊದಲು, ಸುವರ್ಣ ಆಮೇಲೆ

ಅಲ್ಲ ಮಕ್ಕಳೇ, ಈ ಅಜ್ಜಿ ಬರುವುದಿಲ್ಲ ಅಂದ್ರೆ ಬರುವುದಿಲ್ಲ, ಅದರಲ್ಲಿ ಮತ್ತೆ ಮಾತಾಡ್ಲಿಕ್ಕೆ ಎಂತ ಉಂಟು? ನಿಮ್ಮಮ್ಮ ಒಳಗೆ ಪಾತ್ರೆ ಕುಕ್ಕುತ್ತಾ ಇದ್ದಾಳೆ, ಕುಕ್ಕಲಿ. ಮಣಿಪಾಲದ ಆ ಕಾಲೇಜಿನವರು ನನಗೆ ಸನ್ಮಾನ ಮಾಡ್ತಾರಂತೆ, ಶಾಲು ಅಂತೆ, ಹಣ್ಣಿನ ಬುಟ್ಟಿ ಅಂತೆ, ‘ನಮ್ಮ ಹೆಮ್ಮೆಯ ಗಣಿತಜ್ಞೆ’ ಅಂತೆ. ನಮ್ಮ! ಕೇಳಿದ್ರಾ, ನಮ್ಮ ಅಂತೆ! ಶ್ರಾವ್ಯಾ, ನೀನು ಮುಖ ಊದಿಸಿಕೊಂಡು ಕೂತ್ಕೊಳ್ಬೇಡ, ಆ ಹೊಸ ಚೂಡಿದಾರ್ ಬೇರೆ ಎಲ್ಲಿಗಾದ್ರೂ ಹಾಕ್ಕೊಂಡು ಹೋಗ್ಬಹುದು. ನನ್ನ ಗಣಿತಕ್ಕೆ ಪ್ರಶಸ್ತಿ ಬಂತು ಅಂತ ಗೊತ್ತಾದ ಕೂಡ್ಲೆ ಪೇಪರಿನವನು ಬಂದಿದ್ದನಲ್ಲ, ಎಂತ ಬರೆದ? ಹೂಡೆಯ ಮೀನುಗಾರರ ಮಗಳು ಬಲೆಯ ಕಣ್ಣು ಎಣಿಸಿ ಗಣಿತ ಕಲಿತದ್ದು ಅಂತ. ಅಯ್ಯೋ ಇವನ! ನಾನು ಜನ್ಮದಲ್ಲಿ ಬಲೆಯ ಕಣ್ಣು ಎಣಿಸಿದವಳಲ್ಲ. ಅಪ್ಪ ದೋಣಿಗೆ ಹೋಗ್ತಿದ್ದದ್ದು ಹೌದು, ಅಮ್ಮ ಬುಟ್ಟಿ ಹೊತ್ತು ಮೀನು ಮಾರಿದ್ದು ಹೌದು, ಆದ್ರೆ ಗಣಿತ ನಾನು ಕಲಿತದ್ದು ಎಲ್ಲರ ಹಾಗೆಯೇ, ಬೆಂಚಿನ ಮೇಲೆ ಕೂತು, ಪುಸ್ತಕ ಓದಿ. ಅದಿರ್ಲಿ, ನಾನು ಹೇಳ್ಲಿಕ್ಕೆ ಹೊರಟದ್ದು ಕಾಲೇಜಿನ ವಿಷಯ.

ಆ ಕಾಲೇಜಿನಲ್ಲಿ ನಾನು ವರ್ಷ ವರ್ಷ ಪಾಠ ಮಾಡಿದವಳು, ಗೊತ್ತುಂಟಾ? ಕಾಯಂ ಅಲ್ಲ, ಪ್ರತಿ ಜೂನ್ ತಿಂಗಳು ಬಂದಾಗ ಈ ಸಲ ಕರೀತಾರೋ ಇಲ್ವೋ ಅಂತ ಕಾಯುವ ಕೆಲಸ. ಬೆಳಿಗ್ಗೆ ಹೂಡೆಯಿಂದ ಹೊರಟು... ಅಲ್ಲ ಅಲ್ಲ, ಆಗ ಮದುವೆ ಆಗಿತ್ತು, ಈ ಇನ್ನಂಜೆಯಿಂದಲೇ ಹೊರಟದ್ದು. ನಿಮ್ಮ ಅಜ್ಜ ಮಸ್ಕತ್‌ನಲ್ಲಿ, ಮನೆಯಲ್ಲಿ ನಾನು, ನನ್ನ ಅತ್ತೆ, ತೊಟ್ಟಿಲಲ್ಲಿ ನಿಮ್ಮಪ್ಪ. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಏರುವುದು. ನನ್ನ ಹಾಗೆಯೇ ಇನ್ನೊಬ್ಬ ಇದ್ದ ಅಲ್ಲಿ, ಕಾರ್ಕಳದವನು, ಅಮೀನ್ ಅಂತ. ಅವನದ್ದೂ ಕಾಯಂ ಇಲ್ಲ. ಕ್ಲಾಸು ಮುಗಿದ ಮೇಲೆ ಖಾಲಿ ಕೋಣೆಯ ಬೋರ್ಡಿನ ಎದುರು ನಾವಿಬ್ಬರು ನಿಲ್ಲುವುದು, ಒಂದು ಸಮೀಕರಣಕ್ಕೆ ಪೂರ್ಣಸಂಖ್ಯೆಯಲ್ಲಿ ಉತ್ತರ ಉಂಟೋ ಇಲ್ವೋ ಅಂತ ಹುಡುಕುವುದು. ಅಷ್ಟೇ ನಮ್ಮ ಕೆಲಸ, ನಗ್ಬೇಡಿ, ಈ ಪ್ರಶಸ್ತಿ ಬಂದದ್ದೂ ಅಂಥದ್ದೇ ಕೆಲಸಕ್ಕೆ. ಅವನ ಕೈ ಚುರುಕು, ನಾಲ್ಕು ಪುಟದ ಲೆಕ್ಕ ತಪ್ಪಿಲ್ಲದೆ ಮಾಡ್ತಿದ್ದ, ಸುಳ್ಳು ಹೇಳಬಾರದು. ಆದ್ರೆ ಎಲ್ಲಿಂದ ಒಳಗೆ ಹೋಗ್ಬೇಕು ಅಂತ ದಾರಿ ತೋರಿಸ್ತಿದ್ದದ್ದು ನಾನು. ಒಂದು ಸಲ ಆ ದಾರಿ ನನಗೆ ಬಸ್ಸಿನಲ್ಲಿ ಹೊಳೆದದ್ದು, ಕಾಪುವಿನಲ್ಲಿ ಇಳಿಯುವುದು ಬಿಟ್ಟು ಪಡುಬಿದ್ರೆಗೆ ಮುಟ್ಟಿದ್ದೆ ಮಾರಾಯ್ರೆ, ಕಂಡಕ್ಟರನ ಹತ್ರ ಬೈಸಿಕೊಂಡು! ಮರುದಿನ ಅಮೀನ್ ಬೋರ್ಡು ನೋಡಿ, ‘ವಸಂತೀ, ಇದು ನನಗೆ ಏಳು ಜನ್ಮಕ್ಕೂ ಹೊಳೀತಿರ್ಲಿಲ್ಲ’ ಅಂದ. ಅವನ ಬಾಯಿಯಿಂದಲೇ ಬಂದ ಮಾತು ಅದು.

ಹಾಗೆ ನಾವು ಒಟ್ಟಿಗೆ ಬರೆದ ಪ್ರಬಂಧ ಎಲ್ಲ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯ್ತು. ಈಗ ಇದೊಂದು ಸರಿಯಾಗಿ ಕೇಳಿ. ಗಣಿತದವರಲ್ಲಿ ಒಂದು ಪದ್ಧತಿ ಉಂಟು, ಇಬ್ಬರು ಬರೆದ್ರೂ ನಾಲ್ಕು ಜನ ಬರೆದ್ರೂ ಹೆಸರು ಅಕ್ಷರದ ಕ್ರಮದಲ್ಲಿ ಹಾಕುವುದು. ದೊಡ್ಡವನು ಸಣ್ಣವನು ಇಲ್ಲ, ಎಲ್ಲರೂ ಸಮ. ಒಳ್ಳೆ ಪದ್ಧತಿ ಅದು, ಜಗಳ ಇಲ್ಲ. ಅಮೀನ್ ಮೊದಲು, ಸುವರ್ಣ ಆಮೇಲೆ. ಸುವರ್ಣ ಅಂದ್ರೆ ನಾನೇ, ವಸಂತಿ ಸುವರ್ಣ. ಇಂಗ್ಲಿಷಿನಲ್ಲಿ ಬರೆದ್ರೂ ಅಷ್ಟೇ, ಕನ್ನಡದಲ್ಲಿ ಬರೆದ್ರೂ ಅಷ್ಟೇ, ಅವನು ಮೇಲೆ ನಾನು ಕೆಳಗೆ. ನಾನು ಅದರ ಬಗ್ಗೆ ಒಂದು ಕ್ಷಣ ಯೋಚನೆ ಮಾಡಿದವಳಲ್ಲ.

ಮತ್ತೆ ಒಂದು ಕಾಯಂ ಹುದ್ದೆ ಬಂತು ನೋಡಿ. ಒಂದೇ ಒಂದು. ಅರ್ಜಿ ಹಾಕಿದ್ದು ನಾನೂ ಹೌದು, ಅಮೀನನೂ ಹೌದು. ಸಂದರ್ಶನಕ್ಕೆ ಕೂತವರು ಪ್ರಿನ್ಸಿಪಾಲರು, ಕೆಮಿಸ್ಟ್ರಿಯ ಒಬ್ಬರು ದೊಡ್ಡವರು, ಆಡಳಿತದ ಕಡೆಯಿಂದ ಒಬ್ಬರು. ಗಣಿತದವರು ಯಾರೂ ಇಲ್ಲ, ಗಣಿತದ ಹುದ್ದೆಗೆ! ಕೆಮಿಸ್ಟ್ರಿಯವರು ನನ್ನ ಪ್ರಬಂಧ ಎಲ್ಲ ಮಗುಚಿ ನೋಡಿದ್ರು, ಕನ್ನಡಕ ಮೂಗಿನ ತುದಿಗೆ ಇಳಿಸಿದ್ರು. ‘ಏನಮ್ಮಾ, ಎಲ್ಲದರಲ್ಲೂ ನಿಮ್ಮ ಹೆಸರು ಎರಡನೆಯದು ಉಂಟಲ್ಲ? ಅವರಿಗೆ ಸಹಾಯ ಮಾಡಿದ್ದಾ?’ ಅವರ ವಿಷಯದಲ್ಲಿ ಹೆಸರು ಮೊದಲು ಬಂದವನೇ ಕೆಲಸ ಮಾಡಿದವನು, ಉಳಿದವರು ಪಾತ್ರೆ ತೊಳೆದವರು. ನಾನು ವಿವರಿಸಿದೆ, ಅಲ್ಲ ಸರ್, ನಮ್ಮಲ್ಲಿ ಅಕ್ಷರದ ಕ್ರಮ ಅಂತ. ಅವರು ನಕ್ಕರು. ‘ಹಾಜರಿ ಕರೆದ ಹಾಗೆಯಾ? ಅ ಆ ಇ ಈ?’ ಮೂವರೂ ನಕ್ಕರು. ನನಗೆ ಮೈಯೆಲ್ಲ ಉರಿದು ಹೋಯ್ತು. ಆದ್ರೂ ಸಮಾಧಾನದಲ್ಲೇ ಹೇಳಿದೆ, ‘ಸರ್, ಅಮೀನ್ ಹೊರಗೆ ಕೂತಿದ್ದಾರೆ, ಬೇಕಾದ್ರೆ ಕರೆದು ಕೇಳಿ.’ ಎಷ್ಟು ಧೈರ್ಯದಿಂದ ಹೇಳಿದೆ ಗೊತ್ತುಂಟಾ? ಅವನ ಮೇಲೆ ಅಷ್ಟು ನಂಬಿಕೆ.

ಕರೆದ್ರು. ಬಂದ. ನನ್ನ ಪಕ್ಕದಲ್ಲೇ ನಿಂತ, ಕೈ ಹಿಂದೆ ಕಟ್ಟಿಕೊಂಡು. ‘ಇದರಲ್ಲಿ ಇವರ ಕೆಲಸ ಎಂತ ಮಿಸ್ಟರ್ ಅಮೀನ್?’ ಅಂತ ಕೇಳಿದ್ರು. ನಾನು ಅವನ ಮುಖ ನೋಡ್ತಾ ಇದ್ದೇನೆ, ಅವನು ಪ್ರಿನ್ಸಿಪಾಲರ ಮೇಜು ನೋಡ್ತಾ ಇದ್ದಾನೆ. ‘ನಾವು ಒಟ್ಟಿಗೆ ಮಾಡಿದ್ದು ಸರ್. ಮೇಡಂ ತುಂಬಾ ಸಹಕಾರ ಕೊಟ್ಟಿದ್ದಾರೆ.’ ಸಹಕಾರ! ಅಷ್ಟೇ! ‘ಹೆಸರು ಅಕ್ಷರದ ಕ್ರಮದಲ್ಲಿ ಸರ್’ ಅಂತ ಹೇಳ್ಲಿಕ್ಕೆ ಎಷ್ಟು ಹೊತ್ತು ಬೇಕು, ಹೇಳಿ! ಹೇಳ್ಲಿಲ್ಲ ಅವನು. ಹುದ್ದೆ ಅವನಿಗೆ ಆಯ್ತು. ಜಾಗ ಭರ್ತಿ ಆಯ್ತಲ್ಲ, ಮುಂದಿನ ಜೂನ್‌ನಿಂದ ನೀವು ಬೇಡ ಅಂತ ನನಗೆ ಜವಾನನ ಕೈಯಲ್ಲಿ ಹೇಳಿ ಕಳಿಸಿದ್ರು.

ಮನೆಗೆ ಬಂದು ಈ ಜಗಲಿಯಲ್ಲೇ ಕೂತು ಬೊಬ್ಬೆ ಹಾಕಿ ಅತ್ತುಬಿಟ್ಟೆ. ನನ್ನ ಅತ್ತೆ ಬಂಗುಡೆ ಕೊಯ್ಯುತ್ತಾ ಇದ್ದವರು ಹಾಗೇ ಎದ್ದು ಬಂದ್ರು, ‘ದಾನೆ ಆಂಡ್, ಎಂತ ಆಯ್ತು?’ ಅಂತ. ಹೇಳಿದೆ. ಅವರಿಗೆ ಗಣಿತ ಅಂದ್ರೆ ಎಂತ ಅಂತ ಗೊತ್ತಿಲ್ಲ, ಆದ್ರೆ ಸಿಟ್ಟು ನನಗಿಂತ ಜಾಸ್ತಿ ಬಂತು ಅವರಿಗೆ. ಕತ್ತಿ ಹಿಡಿದ ಕೈ ಆಡಿಸಿ, ‘ಅವನ ಮಂಡೆಗೆ ಬೆಂಕಿ ಹಾಕ! ಇನ್ನು ಒಬ್ಬಳೇ ಬರಿ. ನಿನ್ನ ಹೆಸರಿನ ಮೇಲೆ ಯಾರು ಬಂದು ಕೂತ್ಕೊಳ್ತಾರೆ ನೋಡುವ!’ ಅಂದ್ರು. ಮೂಲೆಯಲ್ಲಿ ಆಡ್ತಾ ಇದ್ದ ನಿಮ್ಮಪ್ಪ ಹೆದರಿ ಕಿರುಚಿದ.

ಬರೆದೆ ಮತ್ತೆ. ಒಬ್ಬಳೇ. ಅದಕ್ಕೆ ಈಗ ಬಂದ ಪ್ರಶಸ್ತಿ ಅಂತ ನೀವು ಕುಣೀತೀರಿ, ಒಬ್ಬಳೇ ಗಣಿತ ಮಾಡುವುದು ಅಂದ್ರೆ ಎಂತ ಅಂತ ನಿಮಗೆ ಗೊತ್ತಿಲ್ಲ. ತಪ್ಪು ಹೇಳುವವರು ಇಲ್ಲ, ಸರಿ ಅನ್ನುವವರೂ ಇಲ್ಲ. ಹಗಲು ಕಾರ್ಕಳದ ಟ್ಯುಟೋರಿಯಲ್‌ನಲ್ಲಿ ಪಿಯುಸಿ ಫೇಲಾದ ಮಕ್ಕಳಿಗೆ ಗಂಟಲು ಹರಿಯುವವರೆಗೆ ಪಾಠ, ಮನೆಗೆ ಬಂದ್ರೆ ಅಡಿಗೆ, ಮಗು, ಅತ್ತೆಯ ಕಾಲು ನೋವು. ಅಮೀನ್ ಇದ್ದಿದ್ರೆ ಒಂದು ವಾರದಲ್ಲಿ ಮುಗಿಸುವ ಲೆಕ್ಕಕ್ಕೆ ನನಗೆ ಮಳೆಗಾಲ ಇಡೀ ಬೇಕಾಗ್ತಿತ್ತು. ಎಷ್ಟೋ ಸಲ ಪೂರ್ತಿ ಬರೆದು ಆದ ಮೇಲೆ ಮಧ್ಯದಲ್ಲಿ ಒಂದು ಸಣ್ಣ ತಪ್ಪು, ಎಲ್ಲ ಹೊಳೆಗೆ. ನಾವಿಬ್ಬರು ಒಟ್ಟಿಗೆ ಇದ್ದಿದ್ರೆ ಇದು ನನ್ನ ತಲೆ ಕೂದಲು ಕಪ್ಪಿರುವಾಗಲೇ ಮುಗೀತಿತ್ತು. ಆ ವರ್ಷಗಳು ಯಾರು ವಾಪಸು ಕೊಡ್ತಾರೆ? ಆ ಹಣ್ಣಿನ ಬುಟ್ಟಿಯಾ?

ಇನ್ನು ಇವತ್ತು ಬೆಳಿಗ್ಗೆ ಎಂತ ಆಯ್ತು ಅಂತ ಕೇಳಿ, ನೀವು ಶಾಲೆಯಲ್ಲಿ ಇದ್ರಿ. ಅವನೇ ಬಂದಿದ್ದ, ಅಮೀನ್. ಸಭೆಗೆ ಅವನೇ ಅಧ್ಯಕ್ಷನಂತೆ, ರಿಟೈರ್ಡ್ ಪ್ರೊಫೆಸರ್ ಅಲ್ವಾ. ಮುದುಕ ಆಗಿದ್ದಾನೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ತದೆ. ನೀರು ಬೆಲ್ಲ ಕೊಟ್ಟೆ, ಮನೆಗೆ ಬಂದವರಿಗೆ ಕೊಡದೆ ಆಗ್ತದಾ? ‘ಬರ್ಬೇಕು ವಸಂತಿ, ಹಳೇದೆಲ್ಲ ಎಂತಕ್ಕೆ ಈಗ’ ಅಂದ. ನಾನು ಹೇಳಿದೆ, ‘ಬರ್ತೇನೆ. ನೀನು ಮೈಕಿನಲ್ಲಿ ಒಂದು ವಾಕ್ಯ ಹೇಳು. ನಮ್ಮ ಹೆಸರು ಹಾಕಿದ್ದು ಅಕ್ಷರದ ಕ್ರಮದಲ್ಲಿ, ಅದು ನಾನು ಅವತ್ತು ಹೇಳ್ಬೇಕಿತ್ತು, ಹೇಳ್ಲಿಲ್ಲ ಅಂತ. ಅಷ್ಟು ಹೇಳಿದ್ರೆ ನಾನು ನಡ್ಕೊಂಡೇ ಬರ್ತೇನೆ ಮಣಿಪಾಲಕ್ಕೆ.’ ಅವನು ಲೋಟ ಕೆಳಗೆ ಇಟ್ಟ. ಮತ್ತೆ ಮೆಲ್ಲ ಹೇಳ್ತಾನೆ, ‘ನಾನು ಅವತ್ತು ಸುಳ್ಳು ಹೇಳ್ಲಿಲ್ಲ, ಅಲ್ವಾ ವಸಂತಿ?’

ಹೌದು ಮಾರಾಯ, ಒಂದೇ ಒಂದು ಸುಳ್ಳು ಹೇಳ್ಲಿಲ್ಲ ನೀನು, ಅಂದೆ. ಎದ್ದು ಹೋದ. ಮಕ್ಕಳೇ, ಸುಳ್ಳು ಹೇಳ್ಬೇಡಿ ಅಂತ ಶಾಲೆಯಲ್ಲಿ ಕಲಿಸ್ತಾರೆ, ಅದು ಸಾಲದು. ಪಕ್ಕದಲ್ಲಿ ನಿಂತವಳ ಕೆಲಸ ಕಣ್ಣೆದುರೇ ಇನ್ನೊಬ್ಬರ ಪಾಲಾಗುವಾಗ ಬಾಯಿ ಬಿಡ್ಬೇಕು, ತನ್ನ ಅನ್ನ ಹೋದ್ರೂ ಬಿಡ್ಬೇಕು. ಹೋಗಿ, ಕೈ ತೊಳ್ಕೊಳ್ಳಿ, ಗಂಜಿ ಆರ್ತಾ ಉಂಟು.