ಯಾರ ಕೈಕೆಳಗೆ ಯಾರು

ಲೈಸೆನ್ಸ್ ಕಚೇರಿಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಮುದುಕ ವರ್ಲಿನ್ ಕೂತಿದ್ದ. ನಮ್ಮೂರು ವಿಲೋಬೆಂಡ್‌ನಲ್ಲಿ ಮನೆ ಕೊಳ್ಳುವವರೆಲ್ಲ ಮೊದಲು ಅವನನ್ನು ಕರೆಸಿ ಮನೆಯ ತಪಾಸಣೆ ಮಾಡಿಸುತ್ತಿದ್ದರು. ಪಕ್ಕದಲ್ಲಿ ಅವನ ಹಳೆಯ ಶಿಷ್ಯೆ ಡೆಲ್ಲಾ ಇದ್ದಳು.

"ಮೂವತ್ತು ವರ್ಷದಿಂದ ಮನೆ ನೋಡ್ತಿದೀನಿ. ಈಗ ನಂಗೆ ಅರ್ಹತೆ ಇಲ್ವಂತೆ?"

"ಹೊಸ ಕಾನೂನು ಬಂದಾಗ ನೀವು ಪರೀಕ್ಷೆಗೆ ಕೂರ್ಲಿಲ್ಲ ಬಾಸ್. ನಾನು ಕೂತೆ."

"ನಿಂಗೆ ಕಲಿಸಿದ್ದು ಯಾರು?"

"ನೀವೇ."

"ಅದನ್ನೇ ಅರ್ಜೀಲಿ ಬರ್ಕೊಂಡ್ರೆ ಆಗಲ್ವಾ?"

"ಆಗಲ್ಲ. ಪರೀಕ್ಷೆಗೆ ಕೂರೋ ಮುಂಚೆ ಲೈಸೆನ್ಸ್ ಇರೋರ ಕೈಕೆಳಗೆ ನಲವತ್ತು ಮನೆ ನೋಡಿರ್ಬೇಕು."

"ನಮ್ಮೂರಲ್ಲಿ ಲೈಸೆನ್ಸ್ ಯಾರಿಗಿದೆ?"

"ನಂಗೆ."

"ಅಂದ್ರೆ ನಾನು ನಿನ್ನ ಕೈಕೆಳಗೆ?"

"ನಲವತ್ತು ಮನೆ ಅಷ್ಟೇ."

"ನೀನು ನನ್ ಜೊತೆ ನೋಡಿದ ಮನೆಗಳು?"

"ಅವು ಲೆಕ್ಕಕ್ಕಿಲ್ಲ. ಪಕ್ಕದೂರಿಗೆ ಹೋಗಿ ಮೊದಲಿಂದ ಮಾಡಿದೆ."

"ನನ್ ತಲೆ ಕೆಟ್ಟೋಯ್ತು. ಸರಿ, ಮನೆ ನೆಲದ ಕೆಳಗಿರೋ ಇಕ್ಕಟ್ಟು ಜಾಗಕ್ಕೆ ತೆವಳ್ಕೊಂಡು ಹೋಗಿ ನೋಡೋದು ಯಾರು?"

"ಯಾವಾಗ್ಲೂ ಶಿಷ್ಯರೇ ಅಲ್ವಾ? ನೀವೇ ಮಾಡಿದ್ದ ರೂಲು."

ವರ್ಲಿನ್ ಮೊಣಕಾಲು ಸವರಿಕೊಂಡ.

"ಅಲ್ಲಿ ರಕೂನ್ ಮರಿ ಹಾಕಿದ್ರೆ? ಮೈಮೇಲೆ ಬಿದ್ದು ಪರಚುತ್ತೆ."

"ನಂಗೂ ಹಾಗೇ ಕೇಳ್ಬೇಕು ಅನ್ನಿಸ್ತಿತ್ತು. ಹನ್ನೊಂದು ವರ್ಷ."

ವರ್ಲಿನ್ ಅವಳ ಬೂಟುಗಳನ್ನೇ ನೋಡುತ್ತಾ ಕೂತ.

ಕಿಟಕಿಯ ಆಚೆಯಿಂದ ಗುಮಾಸ್ತೆ ಕೂಗಿದಳು: "ತರಬೇತಿಗೆ ಸೇರೋರು ಯಾರಿದೀರಿ? ಬನ್ನಿ."

ರೂಢಿಯಿಂದಲೋ ಏನೋ, ಡೆಲ್ಲಾ ತಟ್ಟನೆ ಎದ್ದುಬಿಟ್ಟಳು. ವರ್ಲಿನ್ ಅವಳ ತೋಳು ಹಿಡಿದು ಮೆಲ್ಲಗೆ ಕೂರಿಸಿದ. ಆಮೇಲೆ ಬೆಂಚಿನ ಅಂಚಿಗೆ ಕೈ ಊರಿಕೊಂಡು ತಾನು ಎದ್ದ.

"ನೀವು ಕೂತ್ಕೊಳ್ಳಿ ಬಾಸ್," ಎಂದು ಕಿಟಕಿಯ ಕಡೆ ನಡೆದ.